ಎಡೆಗೆಂದು ಚಿಂತಾಮಣಿಯಿಂದ ತಂದ ಏಡಿ

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಕುಡುಮಲಕುಂಟೆಯ ಕಾರ್ಖಾನೆಗೆ ರಜೆ ಹಾಕಿ, ಗೋಣಿಚೀಲವೊಂದನ್ನು ಮಡಚಿಟ್ಟುಕೊಂಡು ಗೌರಿಬಿದನೂರಿನಲ್ಲಿ ಬಸ್ಸು ಹತ್ತಿದೆ. ಹೆಂಡತಿ ಸರೋಜ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ. ಸತ್ತವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ ಎಡೆ ಇಡುವುದು ನಮ್ಮ ಪದ್ಧತಿ. ಅವಳಿಗೆ ಇಷ್ಟ, ತವರಾದ ಚಿಂತಾಮಣಿ ಕಡೆಯ ಗದ್ದೆ ಏಡಿ. ಮನೆ ಹತ್ತಿರವೇ ಸಿಗುವ ಕೋಳಿ ಬೇಯಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಮೊದಲ ವರ್ಷವೇ ಅವಳು ಎಲೆ ನೋಡಿ ಮುಖ ತಿರುಗಿಸಿ ಹೋದರೆ ನನ್ನಿಂದ ತಡೆಯಲಾಗುತ್ತಿರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ನಿಂತೇ ಇಡ್ಲಿ ತಿಂದೆ. ಮೋಡ ಕವಿದಿತ್ತು. ಶಿಡ್ಲಘಟ್ಟದವರೆಗೆ ಪಕ್ಕದ ಸೀಟು ಖಾಲಿ. ಕಿಟಕಿ ಪಕ್ಕ ಅವಳದ್ದೇ ಜಾಗ ಎಂದು ನಾನು ಈಚೆ ಬದಿಗೇ ಕೂತಿದ್ದೆ. ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.

ಚಿಂತಾಮಣಿ ಸಂತೆಬೀದಿಯ ಕೊನೆಯಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಏಡಿ ಇಟ್ಟುಕೊಂಡಿದ್ದಳು. ದೊಡ್ಡದಕ್ಕೇ ಕೈ ಹಾಕಿದೆ.

"ಸೈಜ್ ನೋಡ್ಬೇಡಣ್ಣ, ಎತ್ತಿ ನೋಡು. ಭಾರ ಇರ್ಬೇಕು. ಅಮಾಸೆ ಎಂಡ್ರಕಾಯಿಗೆ, ಅದೇ ಏಡಿಗೆ, ಖಂಡ ಜಾಸ್ತಿ. ಕಾಲಾಡಿಸ್ದೆ ಇರೋದು ಬೇಡ್ವೇ ಬೇಡ, ಸತ್ತಿದ್ದು ಒಂದ್ ಸೇರಿದ್ರೂ ಸಾರು ಕೆಡ್ತದೆ."

"ಆಯ್ತಮ್ಮ, ನೀನೇ ಆರಿಸ್ಕೊಡು."

"ಮನೇಲಿ ಎಷ್ಟ್ ಜನ?"

"ಇಬ್ರು" ಅಂದೆ. ಬಾಯಿಗೆ ಬಂದದ್ದೇ ಅದು.

"ಹಂಗಾದ್ರೆ ಇಷ್ಟ್ ಸಾಕು. ಸಣ್ಣ ಕಾಲು ಬಿಸಾಕ್ಬೇಡ, ಜಜ್ಜಿ ರಸ ಹಿಂಡಿ ಸಾರಿಗೆ ಹಾಕು ಅಂತ ಮನೆಯಮ್ಮನಿಗ್ ಹೇಳು."

"ಹೇಳ್ತೀನಿ" ಅಂದೆ.

ವಾಪಸು ಬರುವಾಗ ಚೀಲಕ್ಕೆ ಆಗಾಗ ನೀರು ಚಿಮುಕಿಸುತ್ತಿದ್ದೆ. ಸರಸರ ಸದ್ದು ಕೇಳಿ ಕಂಡಕ್ಟರ್ ಬಗ್ಗಿ ನೋಡಿದ.

"ಏಡೀನಾ? ಬಿಟ್ಟುಗಿಟ್ಟೀರಾ ಸ್ವಾಮಿ, ಎಲ್ರೂ ಸೀಟ್ ಮೇಲೆ ಹತ್ಕೋತಾರೆ!"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ತಿಂಗಳುಗಳೇ ಆಗಿತ್ತು.

ಮನೆಗೆ ಬಂದು ಬಕೆಟ್ಟಿಗೆ ಸುರಿದೆ. ಎಲ್ಲವೂ ಜೀವಂತ. ಅವು ಪರಪರ ಕೆರೆಯುವಾಗ ಮನೆಯಲ್ಲಿ ಯಾರೋ ಓಡಾಡಿದಂತಿತ್ತು. ಅದಕ್ಕೇ ಶುಚಿಮಾಡುವುದನ್ನು ಎರಡು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಮುಂದೂಡಿದೆ. ಆಮೇಲೆ ಬಿಸಿನೀರು ಹೊಯ್ದೆ. ಸದ್ದು ನಿಂತಿತು. ಚಿಪ್ಪು ಬಿಡಿಸಿ, ಪಕ್ಕದ ನಾರುನಾರಾದ ಕಿವಿರು ಕಿತ್ತು, ಹಳದಿ ಭಾಗ ಹಾಗೇ ಉಳಿಸಿ, ಉಪ್ಪು ಅರಿಶಿನ ಹಾಕಿ ತೊಳೆದೆ. ಅವಳು ಮಾಡುವಾಗ ಬಾಗಿಲಲ್ಲಿ ನಿಂತು ಗೇಲಿ ಮಾಡುತ್ತಾ ನೋಡಿದ್ದಷ್ಟೇ ನನ್ನ ವಿದ್ಯೆ. ಸಣ್ಣ ಕಾಲುಗಳನ್ನು ಜಜ್ಜಿ ರಸ ಹಿಂಡಿದೆ. ಮನೆಯಮ್ಮನಿಗೆ ಹೇಳು ಅಂದಿದ್ದಳಲ್ಲ ಏಡಿ ಮಾರಿದವಳು, ನನಗೇ ಹೇಳಿಕೊಂಡೆ.

ಸಂಜೆ ಫೋಟೋದ ಮುಂದೆ ಎಲೆ ಹಾಕಿ ಮುದ್ದೆ, ಏಡಿ ಸಾರು ಬಡಿಸಿದೆ. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂರಬೇಕು. ಆಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಅಕ್ಕಪಕ್ಕದ ಜಗಲಿಗಳಲ್ಲಿ ಮನೆಮಂದಿಯೆಲ್ಲ ಕೂತು ಹರಟುತ್ತಿದ್ದರು. ನಮ್ಮ ಜಗಲಿಯಲ್ಲಿ ನಾನೊಬ್ಬನೇ.

ಎದ್ದು ಬಾಗಿಲು ತಟ್ಟಿದೆ. ಪಾಳಿ ಮುಗಿಸಿ ಬಂದಾಗೆಲ್ಲ ಹೀಗೇ ತಟ್ಟುತ್ತಿದ್ದೆ. "ಬಂದೆ ಇರ್ರೀ, ಬಾಗ್ಲು ಮುರೀಬೇಡಿ" ಅಂತ ಒಳಗಿಂದ ಬೈಯುತ್ತಿದ್ದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ತಳ್ಳಿದರೆ ಸಾಕಿತ್ತು. ಆದರೂ ಇನ್ನೊಮ್ಮೆ ತಟ್ಟಿ, ಕಾಯುತ್ತಾ ನಿಂತೆ.