ಡೆಕ್ಕಿನ ದೀಪ, ಗೂಡು ಸೇರದ ಕೋಳಿಗಳು

ಮೊಟ್ಟೆಯನ್ನೂ ಮುಟ್ಟದ ನಮ್ಮ ಮನೆಗೆ ನಾಲ್ಕು ಕೋಳಿಗಳು ಬಂದದ್ದು ಮಗಳ ಹಠದಿಂದ. ಕೊರೋನಾ ಕಾಲದಲ್ಲಿ ಅವಳ ಶಾಲೆಯೆಲ್ಲ ಲ್ಯಾಪ್‌ಟಾಪ್ ಒಳಗೆ ಸೇರಿಕೊಂಡಿತ್ತು. ಬೇಸರ ಕಳೆಯಲು ಮರಿಗಳನ್ನು ತರಿಸಿಕೊಂಡಳು, ನಾನು ಮೂಗು ಮುಚ್ಚಿಕೊಂಡು ದೂರ ನಿಂತಿದ್ದೆ. ಆಮೇಲೆ ಅವಳು ದೂರದ ಕಾಲೇಜಿಗೆ ಹೊರಟಳು. ಗಂಡನಿಗೆ ಕಂಪನಿಯವರು ಆಫೀಸಿಗೇ ಬರಬೇಕೆಂದು ಹೇಳಿದ್ದರಿಂದ ಅವರು ಬೇರೆ ರಾಜ್ಯದ ಆಶ್‌ಬರ್ನ್‌ನಲ್ಲಿ ರೂಮು ಹಿಡಿದರು. ಕಮ್ಮಿಂಗ್ ಎಂಬ ಈ ಪರದೇಶದ ಊರಿನ ದೊಡ್ಡ ಮನೆಯಲ್ಲಿ ಉಳಿದದ್ದು ನಾನು ಮತ್ತು ಮಗಳ ಕೋಳಿಗಳು. ದಿನವಿಡೀ ನಾನು ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಅವುಗಳ ಜೊತೆಗೇ. ತಿರುಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿರಲಿಲ್ಲ, ಅಷ್ಟು ಒಳ್ಳೆಯವು.

ಆ ಚಳಿಗಾಲ ಅವು ಗೂಡಿನಲ್ಲಿ ಮಲಗುವುದನ್ನು ಬಿಟ್ಟವು. ಹಿತ್ತಲಿನ ತುದಿಯಲ್ಲಿ ಹುಲ್ಲು ಹಾಸಿದ ಬೆಚ್ಚನೆಯ ಗೂಡಿದೆ. ಆದರೂ ಸಂಜೆಯಾದರೆ ನಾಲ್ಕೂ ಮನೆಗೆ ಅಂಟಿದ ಮರದ ಜಗಲಿಗೆ ಬಂದು, ಆ ಡೆಕ್ಕಿನ ಕಟಕಟೆಯ ಮೇಲೆ ಸಾಲಾಗಿ ಕೂರುತ್ತಿದ್ದವು. ಕಾಳು ತೋರಿಸಿ ಕರೆದೆ, ಬೈದೆ. ಕೊನೆಗೆ ಸೆರಗು ಬಿಗಿದು ಒಂದೊಂದನ್ನೇ ಎತ್ತಿಕೊಂಡು ಹೋಗಿ ಗೂಡಿಗೆ ಬಿಟ್ಟೆ. ಎರಡನೆಯದನ್ನು ತರುವಷ್ಟರಲ್ಲಿ ಮೊದಲನೆಯದು ವಾಪಸು ಬಂದು ಕೂತಿರುತ್ತಿತ್ತು. ವಾರದ ಕೊನೆಗೆ ನೀರು ಹೆಪ್ಪುಗಟ್ಟುವ ಚಳಿ ಬರುತ್ತದೆಂದು ಸುದ್ದಿ ಬಂತು. ಹೊರಗೆ ಕೂತರೆ ಅವು ಉಳಿಯುವುದು ಕಷ್ಟ. ನಿನ್ನ ಕೈಲಿ ಆಗದಿದ್ದರೆ ಯಾವುದಾದರೂ ಫಾರ್ಮಿಗೆ ಕೊಟ್ಟುಬಿಡು ಎಂದು ಗಂಡ ಮೆಸೇಜು ಕಳಿಸಿದರು. ಅವೂ ಹೋದರೆ ಈ ಮನೆಯಲ್ಲಿ ನನ್ನ ದನಿ ಕೇಳುವ ಜೀವವೇ ಇರುವುದಿಲ್ಲ.

ಕೋಳಿಗಳ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅವಳು ಫೋನ್ ಮಾಡಿ ನಕ್ಕಳು.

"ಅಮ್ಮಾ, ಡೆಕ್ ಲೈಟ್ ಆಫ್ ಮಾಡು. ಅವಕ್ಕೆ ಡಾರ್ಕಲ್ಲಿ ಕಾಣಲ್ಲ, ಲೈಟ್ ಇರೋ ಕಡೆ ಬರತ್ತೆ."

ಮುಸ್ಸಂಜೆಯಲ್ಲಿ ಮನೆ ಕತ್ತಲಾಗಿರಬಾರದೆಂದು ಕೇಳಿಕೊಂಡೇ ಬೆಳೆದವಳು ನಾನು. ದೇವರ ಮುಂದೆ ದೀಪ ಹಚ್ಚಿ, ಮನೆಯ ಲೈಟು ಹಾಕಿ ಆಮೇಲೇ ಕಾಫಿ. ಮೂವರೂ ಇದ್ದಾಗ ಅಡುಗೆಮನೆ, ನಡುಮನೆ ಬೆಳಗಿದರೆ ಸಾಕಿತ್ತು. ಒಬ್ಬಳೇ ಆದಮೇಲೆ ಯಾರೂ ಮಲಗದ ಕೋಣೆಗೂ ಬೆಳಕು, ಯಾರೂ ಕೂರದ ಡೆಕ್ಕಿಗೂ ಬೆಳಕು. ಪಾಪದ ಕೋಳಿಗಳು ನನ್ನ ಸಂಜೆಯ ದೀಪ ನೋಡಿ ಬರುತ್ತಿದ್ದವು, ನಾನು ಅವನ್ನೇ ಬೈಯುತ್ತಿದ್ದೆ.

ಮರುದಿನ ಸಂಜೆ ದೇವರ ಮನೆಯ ದೀಪವೊಂದನ್ನೇ ಹಚ್ಚಿ, ಆ ಬಾಗಿಲನ್ನೂ ಎಳೆದುಕೊಂಡೆ. ಉಳಿದ ಲೈಟುಗಳನ್ನೆಲ್ಲ ಆರಿಸಿದೆ. ಗೂಡಿನೊಳಗೆ ಒಂದು ಪುಟ್ಟ ಬ್ಯಾಟರಿ ದೀಪ ಇಟ್ಟು ಬಂದು ಅಡುಗೆಮನೆಯ ಕಿಟಕಿಯ ಬಳಿ ಕೂತೆ. ತಪ್ಪು ಮಾಡುತ್ತಿದ್ದೇನೆ ಅನ್ನಿಸಿ ಎರಡು ಸಲ ಸ್ವಿಚ್ಚಿನವರೆಗೆ ಎದ್ದು ಹೋಗಿ ಬಂದೆ. ಕೋಳಿಗಳು ಡೆಕ್ಕಿನ ಮೆಟ್ಟಿಲವರೆಗೆ ಬಂದವು, ಸ್ವಲ್ಪ ಹೊತ್ತು ಗೊಣಗಿದವು, ಹಿಂದಿರುಗಿ ಒಂದರ ಹಿಂದೆ ಒಂದು ಗೂಡು ಹತ್ತಿದವು. ಓಡಿಹೋಗಿ ಗೂಡಿನ ಬಾಗಿಲಿಗೆ ಅಗುಳಿ ಹಾಕಿದೆ. ಎಷ್ಟೋ ದಿನದ ಮೇಲೆ ನನ್ನಷ್ಟಕ್ಕೆ ನಾನೇ ನಕ್ಕೆ.

ಒಳಗೆ ಬರುವಾಗ ಫೋನ್ ಹೊಡೆದುಕೊಳ್ಳುತ್ತಿತ್ತು. ಗಂಡ. ಭಾನುವಾರ ಬಿಟ್ಟು ಬೇರೆ ದಿನ ಅವರು ಫೋನ್ ಮಾಡಿದ್ದೇ ಇಲ್ಲ.

"ಮನೆಯೆಲ್ಲ ಯಾಕೆ ಕತ್ತಲೆ? ಹುಷಾರಾಗಿದ್ದೀಯಾ ತಾನೆ?"

ಕೋಳಿಯ ಕಥೆ ಹೇಳಿದೆ. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಡೆಕ್ ಕ್ಯಾಮೆರಾ ಇದೆಯಲ್ಲ, ದಿನಾ ಸಂಜೆ ಇಲ್ಲಿಂದಲೇ ಫೋನಲ್ಲಿ ನೋಡ್ತೀನಿ. ಲೈಟ್ ಹತ್ತಿದ್ರೆ ನೀನು ಚೆನ್ನಾಗಿದ್ದೀಯ ಅಂತ ಅರ್ಥ. ಮತ್ತೆ ಫೋನ್ ಮಾಡಿ ಯಾಕೆ ತೊಂದರೆ ಕೊಡೋದು ಅಂತ."

ತೊಂದರೆಯಂತೆ. ಸಿಟ್ಟು ಬಂತು, ಅಳುವೂ ಬಂತು, ಎರಡನ್ನೂ ನುಂಗಿ ಊಟ ಆಯಿತಾ ಎಂದು ಕೇಳಿದೆ. ಅವರು ಏನೇನೋ ಹೇಳುತ್ತ ಹೋದರು, ಅಲ್ಲಿಯ ಚಳಿ, ಹೊಸ ಮ್ಯಾನೇಜರು, ತಾವೇ ಮಾಡಿದ ತಿಳಿಸಾರು. ಕತ್ತಲಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡೆ. ಬಹಳ ಹಿತವಾಗಿತ್ತು.

ಅದರ ಮಾರನೆಯ ಸಂಜೆಯೂ ಲೈಟು ಹಾಕಲಿಲ್ಲ. ಕೋಳಿಗಳು ತಾವಾಗಿಯೇ ಒಳಗೆ ಹೋದವು. ಅಗುಳಿ ಹಾಕಿ ಬಂದು ಫೋನನ್ನು ಎದುರಿಗೆ ಇಟ್ಟುಕೊಂಡು ಕೂತೆ. ಮನೆ ಕತ್ತಲಾಗಿದ್ದರೂ ನಾನು ಚೆನ್ನಾಗಿರುತ್ತೇನೆಂದು ಈಗ ಅವರಿಗೆ ಗೊತ್ತಾಗಿತ್ತು. ಫೋನ್ ಬರಲಿಲ್ಲ.