ಒಳ್ಳೆಯದು, ಕೆಟ್ಟದ್ದು, ನಾಳೆ ನೋಡೋಣ

“ಕನ್ನಡ ಭಾಳ ಛಲೋ ಮಾತಾಡ್ತೀರಿ ಮೇಡಂ. ಎಲ್ಲಿ ಕಲ್ತೀರಿ?”

ಕಲಬುರಗಿಯ ಬೇಳೆ ಗಿರಣಿಯಲ್ಲಿ ಮೊದಲ ದಿನ ನನಗೆ ಎದುರಾದ ಮೊದಲ ಪ್ರಶ್ನೆ ಇದು. ಕೇಳಿದವರು ಮಹಬೂಬಿ. ಅಲ್ಲಿ ಕೈಯಿಂದ ಬೇಳೆ ಆರಿಸುವ ಆರು ಹೆಂಗಸರಲ್ಲಿ ಹಿರಿಯರು, ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ನಾನು ಮಂಗಳೂರಿನ ಪಕ್ಕದ ಉಳ್ಳಾಲದವಳು, ಹೈಸ್ಕೂಲಿನಿಂದ ಡಿಗ್ರಿ ಮುಗಿಯುವವರೆಗೆ ಕನ್ನಡ ಚರ್ಚಾಸ್ಪರ್ಧೆಗಳಲ್ಲಿ ಮೈಕು ಹಿಡಿದವಳು. ನನ್ನ ಮನೆಮಾತು ತುಳು ಎನ್ನುವುದು ನಿಜ. ಆದರೆ ಅಂಥ ಅಂಶಗಳನ್ನು ಎದುರಾಳಿಗೆ ತಾನಾಗಿ ಬಿಟ್ಟುಕೊಡಬಾರದು.

“ನಾನು ಕರ್ನಾಟಕದವಳೇ” ಎಂದೆ.

“ಹೌದೇನ್ರೀ? ಟೀವಿಯಾಗ ಸುದ್ದಿ ಓದಿದಂಗ ಮಾತಾಡಾಕತ್ತೀರಿ, ಅದಕ್ಕ ಕೇಳ್ದೆ.”

ಆರೂ ಜನ ನಕ್ಕರು. ಬಸ್ಸಿನಲ್ಲಿ ಇಡೀ ರಾಜ್ಯವನ್ನು ಅಡ್ಡಲಾಗಿ ದಾಟಿ ಬಂದದ್ದು ನನ್ನದೇ ಭಾಷೆಯಲ್ಲಿ ಪರದೇಶಿಯಾಗಲಿಕ್ಕೆ ಎಂದು ಆಗ ಹೊಳೆಯಿತು.

ನಾನು ಇಲ್ಲಿಗೆ ಬಂದದ್ದು ಒಂದು ಯಂತ್ರದ ಬೆನ್ನು ಹಿಡಿದು. ನಮ್ಮ ಕಂಪನಿ ಕಾಳು ವಿಂಗಡಿಸುವ ಯಂತ್ರಗಳನ್ನು ಕೂರಿಸಿಕೊಡುತ್ತದೆ. ಮೇಲಿನಿಂದ ಬೇಳೆ ತೆಳ್ಳಗೆ ಜಾರುತ್ತದೆ, ಎರಡೂ ಬದಿಯ ಕ್ಯಾಮೆರಾಗಳು ಒಂದೊಂದು ಕಾಳನ್ನೂ ನೋಡುತ್ತವೆ. ಕಪ್ಪಾದದ್ದು, ಹುಳ ಕೊರೆದದ್ದು, ಸಿಪ್ಪೆ ಬಿಡದ್ದು, ಕಲ್ಲು ಕಂಡರೆ ಸಣ್ಣ ತೂತಿನಿಂದ ಗಾಳಿ ಟಪ್ಪೆಂದು ಊದಿ ಅದನ್ನು ಬೇರೆ ಕೊಳವೆಗೆ ಕೆಡವುತ್ತದೆ. ನಾವು ರೆಪ್ಪೆ ಬಡಿಯುವುದರೊಳಗೆ ತೀರ್ಪು ಮುಗಿದಿರುತ್ತದೆ. ಆ ಆರು ಜನ ಅದಕ್ಕೆ ‘ಕಣ್ಣಿನ ಮಿಷನ್’ ಎಂದು ಹೆಸರಿಟ್ಟರು. ತಾವು ಕೂರುವ ಜಾಗದ ಎದುರಿಗೇ ಅದನ್ನು ಕೂರಿಸಲಾಗಿದ್ದರಿಂದ ಅದರತ್ತ ನೋಡದೆ ಇರುವುದೂ ಅವರಿಗೆ ಸಾಧ್ಯವಿರಲಿಲ್ಲ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಯಂತ್ರ ಪರೀಕ್ಷೆಯಲ್ಲಿ ಗೆದ್ದು ಸಾವ್ಕಾರರು, ಅಂದರೆ ಗಿರಣಿಯ ಮಾಲೀಕರು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ನಾನು ಊರಿಗೆ. ಕಂಪನಿಯ ಮುಂದಿನ ಯಂತ್ರ ನಮ್ಮೂರ ಹತ್ತಿರದ ಗೋಡಂಬಿ ಕಾರ್ಖಾನೆಗೆ ಹೋಗುವುದಿತ್ತು. ಇಲ್ಲಿ ಬೇಗ ಬಿಡುಗಡೆಯಾದರೆ ಅದನ್ನು ಕೂರಿಸುವವಳು ನಾನೇ. ಕಣ್ಣು ಮಂಜಾಗುವವರೆಗೆ ಅಮ್ಮ ಗೋಡಂಬಿ ವಿಂಗಡಿಸಿದ ಕಾರ್ಖಾನೆ ಅದು. ನನ್ನ ಕಾಲೇಜಿನ ಫೀಸು ಆ ಮೇಜಿನ ಮೇಲಿಂದ ಬಂದದ್ದು. ಅಮ್ಮನ ಗೆಳತಿ ಲೀಲಕ್ಕ ಈಗಲೂ ಅಲ್ಲೇ ಕೂರುತ್ತಾರೆ.

ಸಾವ್ಕಾರರಿಗೂ ಒಂದು ಲೆಕ್ಕಾಚಾರವಿತ್ತು. ಅದನ್ನು ಅವರು ಎಲ್ಲರ ಎದುರಿಗೇ ಹೇಳಿದರು. “ಮಿಷನ್ ಬಂದ ಮ್ಯಾಲ ಈ ಆರು ಮಂದಿ ಬೇಕೋ ಬ್ಯಾಡೋ, ಪರೀಕ್ಷಾ ದಿನ ನೀವೇ ಹೇಳ್ರಿ ಮೇಡಂ. ನೀವು ಓದಿದವರು, ನಿಮ್ಮ ಮಾತಿನಂಗ ಮಾಡ್ತೇನಿ.”

ಬೇಡ ಎಂದರೆ ಕೂಡಲೇ ಸಹಿ. ಪ್ರಶ್ನೆ ಎಷ್ಟು ಸುಲಭವಾಗಿತ್ತೆಂದರೆ ನನಗೆ ಅದರ ಮೇಲೇ ಅನುಮಾನ ಬಂದಿತು.

ಪರೀಕ್ಷೆಗೆ ಇನ್ನೂ ವಾರಗಳಿದ್ದವು. ಅಷ್ಟರಲ್ಲಿ ಬದುಕಬೇಕಿತ್ತಲ್ಲ. ಕೋಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಸಿಕ್ಕಿತು. ಮನೆಯ ಯಜಮಾನತಿ ಫೋನಿನಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ದೇವರ ಜೊತೆ ಎರಡೂ. ಬಾಗಿಲಲ್ಲೇ ಒಂದು ಷರತ್ತು ಹಾಕಿದರು: “ಮೀನಾ ಗೀನಾ ಏನೂ ತರಂಗಿಲ್ಲ ನೋಡ್ರಿ ಮತ್ತ.” ತಂದೇನೆಂದರೆ ಎಲ್ಲಿಂದ ತರುವುದು? ಊರಿನಲ್ಲಿ ಬೆಳಗ್ಗೆ ಸೈಕಲ್ಲಿನ ಹಾರ್ನು ಕೇಳಿದರೆ ಬಂಗುಡೆ ಬಂತೆಂದು ಅರ್ಥ. ಇಲ್ಲಿ ಪ್ರತಿ ಹಾರ್ನಿಗೂ ನಾನು ಒಂದು ಕ್ಷಣ ಕಿವಿಗೊಟ್ಟು, ಆಮೇಲೆ ನನ್ನನ್ನೇ ಗದರಿಕೊಳ್ಳುತ್ತಿದ್ದೆ.

ನಮ್ಮ ಕಡೆ ಉಪ್ಪಿನ ಭರಣಿಯಲ್ಲಿ ಉಪ್ಪು ಸದಾ ಬೆವರುತ್ತಿರುತ್ತದೆ. ಚಮಚದಿಂದ ಕೆರೆದು ತೆಗೆಯಬೇಕು, ಅಮ್ಮ ಅದಕ್ಕೆ ನಿತ್ಯ ಬೈಯುತ್ತಾಳೆ. ಇಲ್ಲಿ ಉಪ್ಪು ಮರಳಿನಂತೆ ಸರಸರನೆ ಸುರಿಯುತ್ತದೆ. ಒಗೆದ ದುಪಟ್ಟಾ ತಂತಿಗೆ ಹಾಕಿ ಕ್ಲಿಪ್ಪು ಹುಡುಕುವುದರೊಳಗೆ ಒಣಗಿರುತ್ತದೆ. ಇದನ್ನೆಲ್ಲ ಅನುಕೂಲ ಎಂದೇ ಒಪ್ಪಬೇಕು, ಒಪ್ಪಿದ್ದೇನೆ ಕೂಡ. ಆದರೂ ಒಂದು ಮಧ್ಯಾಹ್ನ ಒಣ ಉಪ್ಪಿನ ಡಬ್ಬಿ ಹಿಡಿದುಕೊಂಡು ಕಣ್ಣು ಒದ್ದೆಯಾದದ್ದಕ್ಕೆ ನನ್ನಲ್ಲಿ ಯಾವ ತರ್ಕವೂ ಇಲ್ಲ.

ಊಟದಲ್ಲಿ ಮೊದಲ ವಾರ ನಾನು ಸೋತೆ. ಜೋಳದ ಕಡಕ್ ರೊಟ್ಟಿ ಎಂದರೆ ಹಪ್ಪಳದಂತೆ ಒಣಗಿಸಿಟ್ಟ ರೊಟ್ಟಿ. ಅದನ್ನು ನಾನು ಸದ್ದಾಗದಂತೆ ತಿನ್ನಲು ಹೋಗಿ ಬಾಯಿ ಗೀರಿಕೊಂಡೆ. ಜೊತೆಗೆ ಶೇಂಗಾ ಹಿಂಡಿ. ನಮ್ಮ ಕಡೆ ಹಿಂಡಿ ಹಾಕುವುದು ದನಕ್ಕೆ. ಇಲ್ಲಿ ಅದು ಖಾರ ಹಾಕಿ ಕುಟ್ಟಿದ ಚಟ್ನಿಪುಡಿ, ಈಗ ಅದಿಲ್ಲದೆ ನನಗೆ ಊಟ ಇಳಿಯುವುದಿಲ್ಲ.

ನಿಜವಾದ ಒಂಟಿತನ ಬೇರೆ ಕಡೆಯಿಂದ ಬಂತು. ಇಲ್ಲಿ ಯಾರೂ ನನ್ನ ಜೊತೆ ವಾದ ಮಾಡುತ್ತಿರಲಿಲ್ಲ. ನಾನು ಏನೇ ಹೇಳಲಿ, “ಹೌದ್ರೀ, ಬರೋಬರ್ ಅದ” ಎನ್ನುತ್ತಾರೆ, ಆಮೇಲೆ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಕ್ಯಾಮೆರಾದ ಗಾಜನ್ನು ಒಣ ಬಟ್ಟೆಯಿಂದಲೇ ಒರೆಸಬೇಕು ಎಂದೆ. ಹೌದ್ರೀ. ಮರುದಿನ ಒದ್ದೆ ಬಟ್ಟೆ. ನಮ್ಮ ಕಡೆಯಾದರೆ ಆಪರೇಟರು “ಅದು ಯಾಕೆ ಹಾಗೆ?” ಎಂದು ಅರ್ಧ ಗಂಟೆ ಜಗಳಕ್ಕೆ ನಿಂತು, ಗೆದ್ದೋ ಸೋತೋ, ಕಡೆಗೆ ಒಣ ಬಟ್ಟೆ ಹುಡುಕಿಕೊಂಡು ಬರುತ್ತಿದ್ದ. ವಿರೋಧವಿಲ್ಲದ ಊರಿನಲ್ಲಿ ನನ್ನ ದನಿ ನನಗೇ ಪೊಳ್ಳಾಗಿ ಕೇಳತೊಡಗಿತು.

ಈ ಬರಗಾಲ ಮುರಿದದ್ದು ಮಹಬೂಬಿ. ಒಂದು ದಿನ ಚಹದ ಹೊತ್ತಿಗೆ ನಾನು ಯಂತ್ರದ ಗುಣಗಾನ ಮಾಡುತ್ತ, ಅದಕ್ಕೆ ದಣಿವೇ ಇಲ್ಲ ಎಂದೆ.

“ದಣಿವು ಇಲ್ದಾಂವಗ ತಪ್ಪು ಮಾಡಾಕತ್ತೀನಿ ಅಂತ ಹ್ಯಾಂಗ ತಿಳೀತದ?” ಎಂದರು ಅವರು, ತಲೆ ಎತ್ತದೆ. “ನಮಗ ಕಣ್ಣು ಉರದ್ರ ಎದ್ದು ಮಾರಿ ತೊಳ್ಕೊಂತೀವಿ. ಅದು ಉರದ್ರೂ ಟಪ್ ಟಪ್ ಅಂತದ.”

ನಾನು ಲೋಟ ಕೆಳಗಿಟ್ಟೆ. ಅಷ್ಟು ಸಂತೋಷವಾಗಿ ಎಷ್ಟೋ ದಿನಗಳಾಗಿದ್ದವು. “ಅದಕ್ಕೇ ದಿನಕ್ಕೆರಡು ಸಲ ಗಾಜು ಒರೆಸುವುದು” ಎಂದೆ.

“ಅಂದ್ರ ಅದರ ಕಣ್ಣು ನೋಡಾಕ ನಮ್ಮ ಕಣ್ಣು ಬೇಕು.”

“ಒಬ್ಬರ ಕಣ್ಣು ಸಾಕು, ಆರು ಜನರದ್ದಲ್ಲ.”

“ಕಾಲೇಜಿನ್ಯಾಗ ಬರೀ ಜಗಳಾನೇ ಕಲಿಸ್ಯಾರೇನು ನಿಂಗ?”

“ಅದಕ್ಕೆ ಕಪ್ಪು ಕೊಟ್ಟಿದ್ದಾರೆ. ಕಪಾಟು ತುಂಬ ಇವೆ.”

“ಒಂದರಾಗರ ಚಾ ಕುಡೀಲಿಕ್ಕ ಬರ್ತದೇನು?”

ಅವತ್ತಿನಿಂದ ‘ಮೇಡಂ’ ಹೋಗಿ ‘ಬೇಟಾ’ ಆದೆ. ಅವರು ನನಗೆ ‘ಖಾಲಾ’ ಆದರು. ಖಾಲಾ ಎಂದರೆ ಚಿಕ್ಕಮ್ಮ.

ಆ ಆರೂ ಜನ ಕಮಲಾಪುರದವರು. ಬೆಳಗ್ಗೆ ಒಂದೇ ಟೆಂಪೋದಲ್ಲಿ ಮಹಾಗಾಂವದ ತೊಗರಿ ಹೊಲಗಳನ್ನು ದಾಟಿ ಬರುತ್ತಾರೆ, ಸಂಜೆ ಹಾಗೇ ಮರಳುತ್ತಾರೆ. ಒಂದು ಭಾನುವಾರ ಖಾಲಾ ನನ್ನನ್ನು ಮನೆಗೆ ಕರೆದರು. ಕೆಂಪು ಬಾಳೆಹಣ್ಣು ಮುಂದಿಟ್ಟರು. ಸಿಪ್ಪೆಯ ಬಣ್ಣ ನೋಡಿ ನಾನು ಕೊಳೆತಿದೆ ಎಂದುಕೊಂಡು ಕೈ ಹಿಂದೆಗೆದೆ.

“ನೀನೂ ನಿನ್ನ ಮಿಷನ್ ಒಂದೇ ಬಿಡು” ಎಂದು ನಕ್ಕರು. “ಸುಲದು ನೋಡು.”

ಸುಲಿದೆ. ಊರಿನ ಕದಳಿಗಿಂತ ರುಚಿ ಎಂದು ಬರೆದರೆ ಊರವರು ನನ್ನನ್ನು ಮನೆಯೊಳಗೆ ಸೇರಿಸಲಿಕ್ಕಿಲ್ಲ. ಕಡಿಮೆಯಿಲ್ಲ ಎಂದು ಬರೆಯುತ್ತೇನೆ.

ಅವರ ಮನೆಯ ಗೂಡಿನಲ್ಲಿ ಪ್ಲಾಸ್ಟಿಕ್ ಬಾಟಲಿಗಳು ಸಾಲಾಗಿದ್ದವು. ಕೆಲಸದ ಚಟ ನೋಡಿ, ನಾನು ಅಲ್ಲೂ ಶುರುಮಾಡಿದೆ. ಹೊರದೇಶಗಳ ಅಂಗಡಿಗಳಲ್ಲಿ ಒಂದು ಯಂತ್ರವಿರುತ್ತದೆ, ಖಾಲಿ ಬಾಟಲಿ ಅದರ ಬಾಯಿಗಿಟ್ಟರೆ ಒಳಗಿನ ಬೆಳಕು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಗುರುತಿಸಿ ನುಂಗಿಕೊಳ್ಳುತ್ತದೆ, ಆಮೇಲೆ ಅದು ಹೊಸ ಬಾಟಲಿಯಾಗುತ್ತದೆ, ತರಬೇತಿಯಲ್ಲಿ ನಾನೇ ಅದನ್ನು ಬಿಚ್ಚಿ ಜೋಡಿಸಿದ್ದೇನೆ ಎಂದೆ. ಖಾಲಾ ಪೂರ್ತಿ ಕೇಳಿದರು.

“ಛಲೋ ಅದ. ಆದ್ರ ಖಾಲಿ ಬಾಟ್ಲಿ ಎಲ್ಲಿಂದ ತರ್ಲಿ? ನಮ್ಮ ಮನ್ಯಾಗ ಯಾವ್ದೂ ಖಾಲಿ ಇಲ್ಲ.”

ನೋಡಿದರೆ ನಿಜ. ಒಂದರಲ್ಲಿ ಹರಳೆಣ್ಣೆ, ಒಂದರಲ್ಲಿ ಬಿತ್ತನೆಯ ತೊಗರಿ, ಕತ್ತು ಕೊಯ್ದ ಇನ್ನೊಂದರಲ್ಲಿ ಪುದೀನ. ನಮ್ಮ ಮನೆಯಲ್ಲೂ ಹಾಗೇ. ಅಮ್ಮ ಎಂದಾದರೂ ಬಾಟಲಿ ಎಸೆದದ್ದುಂಟೇ ಎಂದು ನೆನಪಿಸಿಕೊಳ್ಳುತ್ತ ನಾನು ಆ ಗೂಡಿನ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತೆ.

“ಅವ್ವ ನೆನಪಾದ್ಳೇನು?” ಎಂದರು. ನಾನು ವಿಷಯ ಬದಲಿಸಿದೆ.

ಮರುದಿನದಿಂದ ಗಿರಣಿಯಲ್ಲಿ ಅವರ ಕೈಯನ್ನು ಗಮನಿಸತೊಡಗಿದೆ. ಒಳ್ಳೆಯ ಬೇಳೆ ಒಂದು ರಾಶಿ, ಕೆಟ್ಟದ್ದು ಒಂದು ರಾಶಿ. ಇವೆರಡನ್ನು ಯಂತ್ರವೂ ಮಾಡುತ್ತದೆ. ಆದರೆ ಮೊಣಕಾಲಿನ ಪಕ್ಕ ಇನ್ನೊಂದು ಪುಟ್ಟ ರಾಶಿಯಿತ್ತು.

“ಇದು ಯಾವುದು?”

“ಇದು ನಾಳಿ ನೋಡೋದು.”

“ನಾಳೆ ಏನಾಗುತ್ತದೆ?”

“ಏನೂ ಆಗಂಗಿಲ್ಲ. ಸಂಜಿ ಬೆಳಕಿನ್ಯಾಗ ಎಲ್ಲಾ ಬ್ಯಾಳಿನೂ ಒಂದೇ ಹಳದಿ ಕಾಣ್ತದ. ಶಕ್ ಬಂದಿದ್ದು ಬಾಜೂಕ ಇಡ್ತೀವಿ. ಮುಂಜಾನಿ ಬಿಸಲಿಗೆ ನೋಡಿದ್ರ ತಾನೇ ಹೇಳ್ತದ.”

ನಾನು ಬೆಳೆದ ವೇದಿಕೆಯಲ್ಲಿ ಮೂರನೆಯ ರಾಶಿ ಇರಲಿಲ್ಲ. ಚೀಟಿ ಎತ್ತಬೇಕು, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಗೊತ್ತಿಲ್ಲ ಎಂದವರಿಗೆ ಸೊನ್ನೆ. ಸರಿ, ಇದೊಂದು ಒಳ್ಳೆಯ ಉಪಾಯ, ಆದರೆ ನಿಧಾನ ಎಂದು ಮನಸ್ಸಿನಲ್ಲೇ ಅಂಕ ಕೊಟ್ಟು ಮುಂದೆ ಹೋದೆ.

ಪರೀಕ್ಷೆಯ ದಿನ ಯಂತ್ರ ಚೆನ್ನಾಗಿ ಓಡಿತು. ಸಾವ್ಕಾರರು ಒಳ್ಳೆಯ ಕೊಳವೆಯ ಬೇಳೆಯನ್ನು ಒಂದು ಬೊಗಸೆ ತೆಗೆದು ಖಾಲಾ ಮುಂದೆ ಹರಡಿಸಿದರು. ಖಾಲಾ ಬೆರಳಾಡಿಸಿದರು, ಮತ್ತೊಮ್ಮೆ ಆಡಿಸಿದರು. ಉಳಿದ ಐವರು ಕತ್ತು ಚಾಚಿ ನೋಡುತ್ತಿದ್ದರು.

“ಸ್ವಚ್ಛ ಅದ ಸಾವ್ಕಾರ” ಎಂದರು. ಒಂದು ಅಕ್ಷರ ತಡವರಿಸಲಿಲ್ಲ.

ಸಾವ್ಕಾರರು ಜೇಬಿನಿಂದ ಪೆನ್ನು ತೆಗೆದರು. “ಈಗ ಹೇಳ್ರಿ ಮೇಡಂ. ಇವರು ಬೇಕೋ ಬ್ಯಾಡೋ?”

ಊರು ಒಂದು ಪದದಷ್ಟು ದೂರವಿತ್ತು. ನಾನು ಪಕ್ಕದ ಚೀಲ ನೋಡಿದೆ, ಯಂತ್ರ ಕೆಟ್ಟದ್ದೆಂದು ಊದಿ ತಳ್ಳಿದ ಬೇಳೆಯ ಚೀಲ. ಎರಡು ದಿನಗಳಿಂದ ಅದು ನನ್ನನ್ನು ಕಾಡುತ್ತಿತ್ತು. ಒಂದು ಕೆಟ್ಟ ಕಾಳಿಗೆ ಊದಿದ ಗಾಳಿ ಅಕ್ಕಪಕ್ಕದ ಒಳ್ಳೆಯ ಕಾಳುಗಳನ್ನೂ ಹೊತ್ತೊಯ್ಯುತ್ತದೆ. ಆ ಚೀಲವನ್ನು ಮತ್ತೆ ಯಂತ್ರಕ್ಕೇ ಹಾಕಿ ನೋಡಿದ್ದೆ. ಕೆಟ್ಟದ್ದರೊಳಗಿನ ಒಳ್ಳೆಯ ಕಾಳು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

“ಒಳ್ಳೆಯದರಲ್ಲಿ ಕೆಟ್ಟದ್ದನ್ನು ಹುಡುಕಲು ಇವರು ಬೇಡ” ಎಂದೆ. “ಕೆಟ್ಟದ್ದರಲ್ಲಿ ಸೇರಿಹೋದ ಒಳ್ಳೆಯದನ್ನು ಹುಡುಕಲು ಬೇಕು.”

“ಎಷ್ಟು ಮಂದಿ?”

“ಗೊತ್ತಿಲ್ಲ. ಒಂದು ಸುಗ್ಗಿ ಪೂರ್ತಿ ಓಡಿಸಿ ನೋಡಬೇಕು. ಅಲ್ಲಿಯವರೆಗೆ ಯಾರನ್ನೂ ಬಿಡಿಸಬೇಡಿ.”

ಅವರು ನನ್ನನ್ನು ನೋಡಿದರು, ಚೀಲವನ್ನು ನೋಡಿದರು. ಬಗ್ಗಿ ಒಂದು ಮುಷ್ಟಿ ತೆಗೆದು ಅಂಗೈಯಲ್ಲಿ ತಿರುವಿದರು. “ಹಂಗಾದ್ರ ಸಹಿನೂ ಸುಗ್ಗಿ ಮುಗದ ಮ್ಯಾಲೇ ಹಾಕ್ತೇನ್ರಿ. ಅಲ್ಲೀತನ ನೀವೂ ಇರ್ರಿ.” ಪೆನ್ನು ಜೇಬಿಗೆ ಮರಳಿತು.

ಅವರು ಹೋದ ಮೇಲೆ ಯಾರಾದರೂ ಕೃತಜ್ಞತೆ ಹೇಳಿಯಾರೆಂದು ನಾನು ಮುಜುಗರದಿಂದ ನಿಂತಿದ್ದೆ. ಖಾಲಾ ಸಿಟ್ಟಿನಿಂದ ಬಂದರು.

“ನಮ್ಮ ಸಲುವಾಗಿ ಸುಳ್ಳು ಹೇಳಿದೇನು?”

“ಇಲ್ಲ.”

“ಖರೇ ಹೇಳು. ಮುಖ ನೋಡಿ ಹೇಳಿದ ಮಾತು ಭಾಳ ದಿನ ಬಾಳಂಗಿಲ್ಲ ಬೇಟಾ. ನಾಳಿ ಸಾವ್ಕಾರಗ ತಿಳದ್ರ ನಿನ್ನನ್ನಲ್ಲ, ನಮ್ಮನ್ನ ಕಳಸ್ತಾನ.”

“ಹಾಗಿದ್ದರೆ ನೀವೇ ನೋಡಿ.”

“ನೋಡ್ತೇನಿ. ನೀನೂ ಕೂಡು.”

ಚೀಲದಿಂದ ಒಂದು ಮೊರ ತುಂಬ ಸುರಿದುಕೊಂಡರು. ನಾವಿಬ್ಬರೂ ನೆಲದ ಮೇಲೆ ಎದುರುಬದುರು ಕೂತು ಆರಿಸತೊಡಗಿದೆವು. ಅವರ ಬೆರಳು ನಾಲ್ಕು ಕಾಳು ಮುಗಿಸುವಾಗ ನನ್ನದು ಒಂದು. ನಿಧಾನಕ್ಕೆ ಒಳ್ಳೆಯ ರಾಶಿ ಬೆಳೆಯಿತು, ಅಂಗೈಯಷ್ಟು, ಆಮೇಲೆ ಬಟ್ಟಲಿನಷ್ಟು.  ಖಾಲಾ ಮುಖದಿಂದ ಸಿಟ್ಟು ಇಳಿಯಿತು. ಅದು ಇಳಿದದ್ದು ಕಂಡು ನನಗಾದ ಖುಷಿ ಎಷ್ಟಿತ್ತೆಂದರೆ, ಅದರೊಳಗೆ ಊರಿನ ಸಮುದ್ರ ಕ್ಷಣಕಾಲ ಮರೆತುಹೋಯಿತು. ಮರೆತದ್ದು ತಿಳಿದೊಡನೆ ನನ್ನನ್ನೇ ಗದರಿಕೊಂಡೆ.

ಆಗಲೇ ಅಮ್ಮನ ಫೋನು ಬಂತು. ವಿಷಯ ಹೇಳಿದೆ. ಸುಗ್ಗಿ ಮುಗಿಯುವವರೆಗೆ ಇಲ್ಲೇ, ಗೋಡಂಬಿ ಕಾರ್ಖಾನೆಗೆ ಬೇರೆ ಯಾರನ್ನೋ ಕಳಿಸುತ್ತಾರೆ ಎಂದೆ. ನನ್ನ ಕಾರಣಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಇಟ್ಟೆ. ಅಮ್ಮ ಬೈಯುತ್ತಾಳೆ, ಅದಕ್ಕೆ ಉತ್ತರ ಕೊಡಬಹುದು ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ.

“ನೀನು ಮಾಡಿದ್ದು ಸರಿಯೇ ಮಗಾ” ಎಂದಳು ತುಳುವಿನಲ್ಲಿ. ಆಮೇಲೆ, “ಇಲ್ಲಿಗೆ ಬರುವವನು ಯಾರು? ಅವನಿಗೆ ಇದೆಲ್ಲ ಗೊತ್ತುಂಟಾ?”

“ಒಬ್ಬ ಸಹೋದ್ಯೋಗಿ. ಒಳ್ಳೆಯವನು. ಕೆಲಸದಲ್ಲಿ ಚುರುಕು.”

“ಚುರುಕಾ” ಎಂದಳು ಅಮ್ಮ. “ನಾನು ಲೀಲನಿಗೆ ಹೇಳಿದ್ದೆ, ಮಿಷನ್ ತರುವುದು ನಮ್ಮ ಹುಡುಗಿಯೇ, ಹೆದರಬೇಡ ಅಂತ.”

ಅಲ್ಲಿಯ ಮಾಲೀಕರೂ ಇದೇ ಪ್ರಶ್ನೆ ಕೇಳುತ್ತಾರೆ, ಚುರುಕಿನವನು ಒಂದೇ ಪದದಲ್ಲಿ ಉತ್ತರ ಕೊಟ್ಟು ಸಹಿ ಪಡೆಯುತ್ತಾನೆ ಎಂದು ನನಗೆ ಆಗ ಹೊಳೆಯಿತು. ಅವಳ ಹಿಂದಿನಿಂದ ಕಾಗೆಗಳ ಕೂಗು, ಯಾರೋ ಬಾವಿಯಿಂದ ನೀರು ಸೇದುವ ಸದ್ದು ಕೇಳುತ್ತಿತ್ತು. ಫೋನು ಅವಳೇ ಇಟ್ಟಳು.

“ಏನಂದ್ಳು?” ಎಂದು ಕೇಳಿದರು ಖಾಲಾ.

ನಾನು ಮತ್ತೆ ಕಾಳಿಗೆ ಕೈ ಹಾಕಿದೆ. ಅವರು ಮೊರವನ್ನು ನನ್ನ ಕಡೆ ಸರಿಸಿದರು. ಟೆಂಪೋ ಬರುವವರೆಗೆ ನಾನು ತೊಗರಿಬೇಳೆ ಆರಿಸಿದೆ. ಬೆರಳಿಗೆ ಸಿಕ್ಕಿದ ಪ್ರತಿ ಕಾಳೂ ಗೋಡಂಬಿಯಷ್ಟು ದೊಡ್ಡದಾಗಿ, ಬೆಳ್ಳಗೆ ಕಾಣುತ್ತಿತ್ತು.