ನಾಯಕಿಯ ಚಪ್ಪಲಿ ಬಾರು

ಮತ್ತಿಗಿರಿಯ ಬೇಕರಿಯವನು ಒಲೆಯ ಬಾಗಿಲು ತೆಗೆದ. ಮೊಟ್ಟೆ ಪಫ್ಸಿನ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ನಾನು ಹೋಗಿದ್ದು ಬ್ರೆಡ್ಡಿಗೆ. ಆದರೆ ನಿಂತಲ್ಲೇ ನಿಂತು ಒಬ್ಬನೇ ನಗತೊಡಗಿದೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಸೀರೆಯಲ್ಲಿ ಏನಾದರೂ ಅಂಟಿದೆಯೋ ಎಂದು ನೋಡಿಕೊಂಡಳು. ಪಾಪ, ಅವಳಿಗೆ ಹೇಗೆ ತಿಳಿಯಬೇಕು, ನಾನು ಆ ಹೊತ್ತಿಗೆ ಇಪ್ಪತ್ತೈದು ವರ್ಷ ಹಿಂದೆ ಹೊಸೂರಿನ ಒಂದು ಟಾಕೀಸಿನಲ್ಲಿ, ಇಂಟರ್ವಲ್ಲಿನಲ್ಲಿ, ಅರ್ಧ ಪಫ್ಸು ಹಿಡಿದು ಅಳುತ್ತಾ ಕೂತಿದ್ದೆನೆಂದು!

ಅರ್ಧ ಪಫ್ಸು ಕೊಟ್ಟವಳು ಸರೋಜ. ಗಾಡಿಗಳ ಬಿಡಿಭಾಗ ಮಾಡುವ ನಮ್ಮ ಕಂಪನಿಯಲ್ಲಿ ಅವಳು ಇನ್ಸ್‌ಪೆಕ್ಷನ್‌ನಲ್ಲಿದ್ದಳು, ನಾನು ಕಬ್ಬಿಣ ಕಡೆಯುವ ಲೇತಿನಲ್ಲಿ. ಅಂದರೆ ನಾನು ಕಡೆದಿದ್ದರ ತಪ್ಪು ಹುಡುಕುವುದೇ ಅವಳ ಕೆಲಸ. ಆ ಕೆಲಸವನ್ನು ಇವತ್ತಿಗೂ ಬಿಟ್ಟಿಲ್ಲ. ಮೊದಲ ಶಿಫ್ಟು ಎರಡಕ್ಕೆ ಬಿಟ್ಟರೆ ಎರಡೂವರೆಯ ಮ್ಯಾಟಿನಿಗೆ ಓಟ. ಕೈಯ ಎಣ್ಣೆ ವಾಸನೆಯೂ ಹೋಗಿರುತ್ತಿರಲಿಲ್ಲ. ಆವತ್ತು ಅವಳ ಪಕ್ಕದ ಸೀಟು ನನಗೆ ಆಕಸ್ಮಿಕವಾಗಿ ಸಿಕ್ಕಿತು. ಇಲ್ಲ, ಇದು ಸುಳ್ಳು. ಗೆಳೆಯ ಮುನಿರಾಜು ನನ್ನ ಬೆನ್ನಿಗೆ ಕೈಯಿಟ್ಟು, "ಕೂತ್ಕಳ್ಲಾ, ಸೀಟೇನ್ ಕಚ್ಚಲ್ಲ," ಎಂದು ತಳ್ಳಿದ. ಇದಾದರೂ ನಿಜವೋ? ಮುನಿರಾಜುವನ್ನು ಕೇಳಿದರೆ ತಾನು ಆವತ್ತು ಸೆಕೆಂಡ್ ಶಿಫ್ಟು ಅನ್ನುತ್ತಾನೆ. ಹಾಗಾದರೆ ನನ್ನನ್ನು ತಳ್ಳಿದವರು ಯಾರು?

ಪಿಚ್ಚರು ತಮಿಳಿನದು. ನಮ್ಮ ಮನೆಮಾತು ಕನ್ನಡ, ಸರೋಜಳ ಮನೆಯಲ್ಲಿ ತೆಲುಗು, ಕಂಪನಿಯಲ್ಲಿ ಎಲ್ಲರದೂ ತಮಿಳು. ನಮ್ಮ ಕಡೆ ಇದು ಮಾಮೂಲು. ಒಂದೇ ಬೈಗುಳವನ್ನು ಮೂರು ಸಲ ಹೊಸದಾಗಿ ಬೈಯಬಹುದು. ಕತೆ ದೊಡ್ಡದೇನಲ್ಲ. ನಾಯಕ ರೇಡಿಯೋ ರಿಪೇರಿಯವನು. ನಾಯಕಿ ಊರಿಗೆ ವರ್ಗವಾಗಿ ಬಂದ ನರ್ಸು. ಇಬ್ಬರಿಗೂ ಪ್ರೀತಿ, ಇಬ್ಬರೂ ಹೇಳುವುದಿಲ್ಲ. ಇಂಟರ್ವಲ್ಲಿಗೆ ಸರಿಯಾಗಿ ಮತ್ತೆ ಅವಳಿಗೆ ವರ್ಗವಾಗುತ್ತದೆ. ಬಸ್ಸು ಹೊರಡುವಾಗ ಅವನು ಮುಖವನ್ನು ಓರೆ ಮಾಡಿ, ದೂರದ ಕರೆಂಟ್ ಕಂಬವನ್ನು ನೋಡುತ್ತಾ ಸುಮ್ಮನೆ ನಿಲ್ಲುತ್ತಾನೆ. ಕಣ್ಣಿನ ಕೆಳಗಿನ ಒಂದೇ ಒಂದು ನರ ಅದುರುತ್ತದೆ. ಏನು ನಟನೆ ಅಂತೀರಿ! ನನ್ನ ಲೇತೂ ಅಷ್ಟು ಸಣ್ಣಗೆ ಕಡೆಯಲಾರದು.

ಅವನಿಗಿಂತ ನಾಯಕಿ ಮೇಲು. ಬಸ್ಸು ಹತ್ತುವ ಮುಂಚೆ ಅವಳು ಬಗ್ಗಿ ಚಪ್ಪಲಿಯ ಬಾರು ಸರಿ ಮಾಡಿಕೊಳ್ಳುತ್ತಾಳೆ. ಬಗ್ಗಿದವಳು ಏಳುವುದೇ ಇಲ್ಲ. ಒಂದು ಬೆರಳು ಬಾರಿನ ಮೇಲೆ ಹೋಗುತ್ತದೆ, ಬರುತ್ತದೆ. ಅಳುವಿಲ್ಲ, ಮಾತಿಲ್ಲ, ಪಿಟೀಲಿಲ್ಲ. ಎದ್ದಾಗ ಕಣ್ಣು ಒಣಗಿಯೇ ಇರುತ್ತದೆ. ಇಷ್ಟು ವರ್ಷ, ನಟನೆಯ ಮಾತು ಬಂದಲ್ಲೆಲ್ಲ, ಮದುವೆ ಊಟದ ಸಾಲಿನಲ್ಲಿ, ಕಟಿಂಗ್ ಶಾಪಿನಲ್ಲಿ, ನಾನು ಆ ಚಪ್ಪಲಿ ಬಾರನ್ನೇ ಹೊಗಳಿಕೊಂಡು ಬಂದಿದ್ದೇನೆ. ಒಮ್ಮೆ ಕ್ಷೌರದವನಿಗೆ ಬಗ್ಗಿ ತೋರಿಸಲು ಹೋಗಿ ಕಿವಿಯ ಮೇಲೆ ಗಾಯವಾಗಿತ್ತು.

ಮಾರನೆಯ ದಿನ ಶಿಫ್ಟಿಗೆ ಹೋದಾಗ ನನ್ನ ಕಣ್ಣು ಊದಿತ್ತು. "ಪಿಚ್ಚರ್ ನೋಡಿ ಅತ್ಬುಟ್ಟೇನ್ಲಾ?" ಎಂದು ಮುನಿರಾಜು ಇಡೀ ಶೆಡ್ಡಿಗೆ ಕೇಳುವಂತೆ ಕೂಗಿದ. ಕಬ್ಬಿಣದ ಚೂರು ಬಿತ್ತು ಎಂದೆ. ತಕ್ಷಣ ನನ್ನನ್ನು ಫಸ್ಟ್ ಏಡ್ ರೂಮಿಗೆ ಎಳೆದುಕೊಂಡು ಹೋದರು. ಅಲ್ಲಿನ ನರ್ಸಮ್ಮ ರೆಪ್ಪೆ ಮಗುಚಿ, ಎರಡು ಬಾಟಲಿ ನೀರು ಸುರಿದು, ಇಲ್ಲದ ಚೂರನ್ನು ಅರ್ಧ ಗಂಟೆ ಹುಡುಕಿದಳು. ಪ್ರೀತಿಗಾಗಿ ನಾನು ಪಟ್ಟ ಪಾಡು ಅದೊಂದೇ.

ಆದರೆ ನಿಜವಾದ ತಪ್ಪು ಬೇರೆ. ಆ ಪಿಚ್ಚರಿನಿಂದ ನಾನು ಕಲಿತದ್ದು, ಪ್ರೀತಿ ಇರುವ ಗಂಡಸು ಬಾಯಿ ಬಿಡಬಾರದು ಎಂದು. ಕನ್ನಡಿಯ ಮುಂದೆ ನರ ಅದುರಿಸುವುದನ್ನು ಅಭ್ಯಾಸ ಮಾಡಿದೆ. ಅದುರಿದ್ದು ಮೂಗು.

ಮುಂದಿನ ಗುರುವಾರ ಹೊಸೂರು ಬಸ್ ಸ್ಟಾಂಡಿನಲ್ಲಿ ಮತ್ತಿಗಿರಿ ಬಸ್ಸಿಗೆ ಕಾಯುತ್ತಾ ಸರೋಜ ಹೇಳಿದಳು:

"ಭಾನುವಾರ ರಾಯಕೋಟೆಯಿಂದ ಗಂಡಿನ ಕಡೆಯೋರು ನೋಡಕ್ಕೆ ಬತ್ತಾರೆ. ನಮ್ಮಪ್ಪನಿಗೆ ಒಪ್ಪಿಗೆ."

ನಾನು ಮುಖ ಓರೆ ಮಾಡಿದೆ. ಕರೆಂಟ್ ಕಂಬ ಸಿಗಲಿಲ್ಲ. ಕಬ್ಬಿನ ಹಾಲಿನ ಗಾಡಿ ಸಿಕ್ಕಿತು. ಅದನ್ನೇ ನೋಡುತ್ತಾ ನಿಂತೆ.

"ಯೋವ್, ಯಾಕ್ ಹಂಗ್ ನೋಡ್ತೀಯ? ಕತ್ತು ಹಿಡ್ಕಂಡೈತಾ?"

ಕತ್ತನ್ನು ಇನ್ನಷ್ಟು ಓರೆ ಮಾಡಿದೆ. ಮತ್ತಿಗಿರಿ ಬಸ್ಸು ಬಂತು. ಇಲ್ಲಿ ನನ್ನ ನೆನಪಿನಲ್ಲಿ ಒಂದು ತೂತಿದೆ. ಬಸ್ಸು ಬಂತು, ಹೋಯಿತು, ಸರೋಜ ಹತ್ತಲಿಲ್ಲ. ಯಾಕೆ ಹತ್ತಲಿಲ್ಲ, ಅಷ್ಟು ಹೊತ್ತು ಏನು ಮಾಡುತ್ತಿದ್ದಳು, ಗೊತ್ತಿಲ್ಲ. ಕಬ್ಬಿನ ಗಾಡಿಯ ಗಂಟೆ ಮಾತ್ರ ಕೇಳುತ್ತದೆ. ಎರಡನೆಯ ಬಸ್ಸು ತಿರುವಿನಲ್ಲಿ ಕಂಡಾಗ ನನಗೆ ಭಯ ಹತ್ತಿತು. ನಾಯಕನಿಗೆ ಹಿಂದೆ ಪಿಟೀಲಿತ್ತು; ನನಗೆ ಕಬ್ಬಿನ ಗಾಡಿ. ಬಾಯಿ ಬಿಟ್ಟೆ. ಬಿಟ್ಟಿದ್ದು ತಮಿಳಿನಲ್ಲಿ, ಆ ಪಿಚ್ಚರಿನ ಧಾಟಿಯಲ್ಲಿ, ನೀನೇ ನನ್ನ ಉಸಿರು, ನೀನೇ ಉಯಿರು, ಅಂದರೆ ಪ್ರಾಣ, ಎಂದೆಲ್ಲ ಸೇರಿಸಿ.

ಸರೋಜ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದೇನು, ಸೂಪರ್‌ವೈಸರ್ ಥರ ಮಾತಾಡ್ತೀಯ? ನಿಮ್ಮವ್ವನ ಹತ್ರ ಹೆಂಗ್ ಮಾತಾಡ್ತೀಯೋ ಹಂಗ್ ಹೇಳು."

"ರಾಯಕೋಟೆಯೋನು ಬ್ಯಾಡ," ಎಂದೆ. "ನಾನೇ ಬತ್ತೀನಿ."

ಅವಳು ನಗು ನಿಲ್ಲಿಸಿದಳು. ನನ್ನನ್ನು ಗೇಜ್ ಇಟ್ಟು ಅಳೆಯುವ ಹಾಗೆ ನೋಡಿದಳು. "ಅವರು ಬರೋದು ಹನ್ನೊಂದಕ್ಕೆ. ನಿಮ್ಮವ್ವನ್ನ ಕರ್ಕಂಡು ನೀನು ಒಂಬತ್ತಕ್ಕೇ ಬಾ," ಎಂದು ಎರಡನೆಯ ಬಸ್ಸು ಹತ್ತಿದಳು.

ಎಂಟೂವರೆಗೇ ಹೋದೆವು. ರಾಯಕೋಟೆಯವರಿಗೆಂದು ಕಲಸಿಟ್ಟ ಹಿಟ್ಟಿನಲ್ಲಿ ನಮಗೆ ಬಜ್ಜಿಯಾಯಿತು. ಅವಳಪ್ಪ ನಾವೇ ಅವರೆಂದುಕೊಂಡು ನನ್ನ ಅವ್ವನಿಗೆ ತೆಲುಗಿನಲ್ಲಿ ಉಪಚಾರ ಮಾಡಿದ. ಅವ್ವ ಕನ್ನಡದಲ್ಲಿ ಬಜ್ಜಿ ಹೊಗಳಿದಳು. ಅರ್ಧ ತಟ್ಟೆ ಮುಗಿಯುವ ಹೊತ್ತಿಗೆ ಇಬ್ಬರಿಗೂ ಕಾಡಂಚಿನ ಸಾನಮಾವು ಹಳ್ಳಿಯಲ್ಲಿ ಒಬ್ಬೊಬ್ಬ ಅತ್ತೆ ಇದ್ದದ್ದು ಗೊತ್ತಾಗಿ, ಆನೆ ರಾಗಿ ತುಳಿದ ಕತೆ ಶುರುವಾಗಿ, ನಾವು ಯಾರೆಂದು ಸರೋಜ ಬಾಗಿಲ ಸಂದಿಯಿಂದ ಹೇಳಿದಾಗ ಅವಳಪ್ಪ ಎದ್ದು ನಿಂತ. ಬೈಯುತ್ತಾನೆಂದು ನಾನು ಕರೆಂಟ್ ಕಂಬ ಹುಡುಕಿದೆ. ಅವನು ಮಾತ್ರ, "ಇನ್ನು ಬಜ್ಜಿ ವಾಪಸ್ ತಗಳಕ್ಕಾಗುತ್ತಾ?" ಎಂದು ಮತ್ತೆ ಕೂತ.

ಬೇಕರಿಯಿಂದ ಬಂದವನು ನೆಟ್ಟಗೆ ಮಗಳ ಫೋನು ಇಸಿದುಕೊಂಡು ಆ ಪಿಚ್ಚರು ಹುಡುಕಿದೆ. ಸಿಕ್ಕಿತು. ನಾಯಕ ನೆನಪಿದ್ದಂತೆಯೇ: ಕಂಬ, ಓರೆ ಮುಖ, ನರ. ನಾಯಕಿ? ಬಸ್ಸಿನ ಒಳಗೆ ಕೂತಿದ್ದಾಳೆ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಗೋಳೋ ಎಂದು ಅಳುತ್ತಾಳೆ. ಪಿಟೀಲು ಹತ್ತು. ಚಪ್ಪಲಿ ಇರಲಿ, ಅವಳ ಕಾಲೇ ಕಾಣುವುದಿಲ್ಲ. ಮೂರು ಸಲ ಹಿಂದೆ ಮುಂದೆ ಮಾಡಿದೆ. ಬಾರು ಇಲ್ಲ.

ಅಡಿಗೆಮನೆಗೆ ಹೋಗಿ, ನಾಯಕಿ ಬಗ್ಗಿದ್ದು ಎಲ್ಲಿ ಹೋಯಿತು ಎಂದು ಸರೋಜಳನ್ನು ಕೇಳಿದೆ. ಮದುವೆಯಾದ ಮೇಲೆ ಅವಳು ನನಗೆ 'ರೀ' ಅನ್ನುತ್ತಾಳೆ. ಸಿಟ್ಟು ಬಂದರೆ, ತೀರಾ ಖುಷಿಯಾದರೆ ಮಾತ್ರ ಹಳೆಯದು ವಾಪಸು.

"ಯೋವ್, ಯಾವ ನಾಯಕಿ? ಬಗ್ಗಿದ್ದು ನಾನು. ಬಸ್ ಸ್ಟಾಂಡಲ್ಲಿ."

"ಬಾರು ಕಿತ್ತಿತ್ತಾ?"

"ಬಾರು ಗಟ್ಟಿಯಾಗೇ ಇತ್ತು. ನೀನು ಬಾಯಿ ಬಿಡ್ಲಿ ಅಂತ ಬಗ್ಗಿದ್ದೆ. ಒಂದು ಬಸ್ಸೇ ಹೋಗ್ಬುಡ್ತು. ಸೊಂಟ ಹಿಡ್ಕಂತು ನಂಗೆ."

ಇಪ್ಪತ್ತೈದು ವರ್ಷ ಒಬ್ಬಳ ನಟನೆಯನ್ನು ಇನ್ನೊಬ್ಬಳ ಹೆಸರಿಗೆ ಹೊಗಳುತ್ತಾ ಬಂದೆ, ಅದೂ ಇವಳ ಮುಂದೆಯೇ. ಇವಳು ಎಷ್ಟೋ ಸಲ ಕೇಳಿದ್ದಾಳೆ. ಒಂದು ಸಲವೂ ತಿದ್ದಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ." ಅವಳು ನಾನು ಬೇಕರಿಯಿಂದ ತಂದ ಪೊಟ್ಟಣ ಬಿಚ್ಚಿದಳು. ಒಳಗೆ ಎರಡು ಪಫ್ಸು. "ಬ್ರೆಡ್ ಎಲ್ಲಿ?"

ಅಭ್ಯಾಸ ಬಲ, ನನ್ನ ಮುಖ ತಾನಾಗಿ ಕಿಟಕಿಯ ಕಡೆ ಓರೆಯಾಗತೊಡಗಿತು. ಅವಳು ಮೆಲ್ಲಗೆ ಚಪ್ಪಲಿಯೇ ಇಲ್ಲದ ತನ್ನ ಕಾಲಿನ ಕಡೆ ಬಗ್ಗಿದಳು.

"ಮರ್ತ್‌ಬುಟ್ಟೆ ಕಣೇ," ಎಂದೆ. "ನಿನ್ನೇ ನೆನೀತಾ ಬಂದೆ."

ಅವಳು ಎದ್ದಳು.